ಲಂಬ ರೇಖೆಯ ಇಳಿಜಾರು ತಪ್ಪಿ ಬಂದಾಗ: ದೋಷ ಯಾವ ಹೆಜ್ಜೆಯಲ್ಲಿದೆ ಎಂದು ಹುಡುಕುವ ಬಗೆ

ಪಿಯುಸಿ ಮೊದಲ ವರ್ಷದಲ್ಲಿ ಸರಳ ರೇಖೆಗಳ ಅಧ್ಯಾಯ ಶುರುವಾಯಿತೆಂದರೆ, ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಗಳಲ್ಲಿದ್ದು ಓದುವ ಹುಡುಗರು ಸಂಜೆ ಹೊತ್ತು ನೋಟ್‌ಬುಕ್ ಹಿಡಿದು ನನ್ನ ಮನೆಯ ಪಡಸಾಲೆಗೆ ಬರುತ್ತಾರೆ. ಬಹುತೇಕ ಎಲ್ಲರ ದೂರೂ ಒಂದೇ: “ಸರ, ಸೂತ್ರ ಬರೋಬ್ಬರಿ ಐತ್ರಿ, ಉತ್ತರ ಮಾತ್ರ ತಪ್ಪ ಬರಾಕತ್ತೈತ್ರಿ.” ಅವರ ಮಾತು ಸುಳ್ಳಲ್ಲ. ಎರಡು ರೇಖೆಗಳು ಪರಸ್ಪರ ಲಂಬವಾಗಿದ್ದರೆ ಅವುಗಳ ಇಳಿಜಾರುಗಳ ಗುಣಲಬ್ಧ −1 ಎಂಬುದನ್ನು ಅವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಸೂತ್ರ ಬಾಯಿಪಾಠವಾಗಿದ್ದೂ ಉತ್ತರ ತಪ್ಪಿದಾಗ ಅವರು ಮಾಡುವ ಮೊದಲ ಕೆಲಸವೆಂದರೆ ಬರೆದದ್ದನ್ನು ರಬ್ಬರಿನಿಂದ ಅಳಿಸಿ ಮತ್ತೆ ಮೊದಲಿನಿಂದ ಬಿಡಿಸುವುದು. ಎರಡನೆಯ ಸಲವೂ ಕೈ ಅದೇ ಜಾಗದಲ್ಲಿ ಜಾರುವುದರಿಂದ ಅದೇ ತಪ್ಪು ಉತ್ತರ ಮತ್ತೆ ಬರುತ್ತದೆ, ಹುಡುಗನಿಗೆ ಪುಸ್ತಕದ ಹಿಂದಿನ ಉತ್ತರವೇ ತಪ್ಪಿರಬೇಕೆಂಬ ಅನುಮಾನ ಹುಟ್ಟುತ್ತದೆ.

ಆದ್ದರಿಂದ ನನ್ನ ಮೊದಲ ಸೂಚನೆ, ತಪ್ಪಾದ ಉತ್ತರವನ್ನು ಅಳಿಸಬೇಡಿ ಎಂಬುದು. ಈ ವಿಷಯದಲ್ಲಿ ತಪ್ಪು ಉತ್ತರವು ಬೇಕಾಬಿಟ್ಟಿಯಾಗಿ ಬರುವುದಿಲ್ಲ. ಯಾವ ಹೆಜ್ಜೆಯಲ್ಲಿ ದೋಷವಾಗಿದೆ ಎಂಬುದರ ಗುರುತು ಆ ಸಂಖ್ಯೆಯಲ್ಲಿಯೇ ಉಳಿದಿರುತ್ತದೆ, ಅದನ್ನು ಓದಲು ಕಲಿತರೆ ಲೆಕ್ಕವನ್ನು ಪೂರ್ತಿ ಮತ್ತೆ ಬಿಡಿಸುವ ಅಗತ್ಯ ಬೀಳುವುದಿಲ್ಲ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಎಕ್ಸ್ ಎಂಬುದಕ್ಕೆ ಕ್ಷ ಎಂದೂ ವೈ ಎಂಬುದಕ್ಕೆ ಯ ಎಂದೂ ಬರೆದಿದ್ದೇನೆ. ಕ್ಷ-ಕಿರಣಕ್ಕೆ ಒಗ್ಗಿದ ಕನ್ನಡದ ಕಣ್ಣಿಗೆ ಇದು ಹೊಸದೇನಲ್ಲ. ಅಡ್ಡ ಹೋದ ದೂರವನ್ನು ‘ಸಾಗು’ ಎಂದೂ ಮೇಲೆ ಹೋದ ದೂರವನ್ನು ‘ಏರು’ ಎಂದೂ ಕರೆಯುತ್ತೇನೆ. ಏರನ್ನು ಸಾಗಿನಿಂದ ಭಾಗಿಸಿದರೆ ಇಳಿಜಾರು. ಕೆಳಕ್ಕೆ ಹೋಗಿದ್ದರೆ ಏರು ಋಣ ಸಂಖ್ಯೆಯಾಗುತ್ತದೆ, ಎಡಕ್ಕೆ ಹೋಗಿದ್ದರೆ ಸಾಗು ಋಣ ಸಂಖ್ಯೆಯಾಗುತ್ತದೆ.

ತಪ್ಪು ಉತ್ತರವನ್ನು ಓದುವುದು

ಪರೀಕ್ಷೆಗೆಂದು ಒಂದೇ ಲೆಕ್ಕವನ್ನು ಇಟ್ಟುಕೊಳ್ಳೋಣ. ಅ(1, 2) ಮತ್ತು ಬ(5, 8) ಎಂಬ ಬಿಂದುಗಳ ಮೂಲಕ ಹಾದುಹೋಗುವ ರೇಖೆಗೆ ಲಂಬವಾಗಿರುವ ರೇಖೆಯ ಇಳಿಜಾರು ಎಷ್ಟು? ಸರಿಯಾದ ಕ್ರಮದಲ್ಲಿ ಎರಡೇ ಹೆಜ್ಜೆಗಳಿವೆ. ಮೊದಲ ಹೆಜ್ಜೆಯಲ್ಲಿ ಕೊಟ್ಟ ರೇಖೆಯ ಇಳಿಜಾರು: (8 − 2)/(5 − 1) = 6/4 = 3/2. ಎರಡನೆಯ ಹೆಜ್ಜೆಯಲ್ಲಿ ಅದನ್ನು ತಲೆಕೆಳಗು ಮಾಡಿ ಚಿಹ್ನೆ ಬದಲಿಸಿದರೆ −2/3. ಇದೇ ಉತ್ತರ.

ಹುಡುಗರ ನೋಟ್‌ಬುಕ್‌ಗಳಲ್ಲಿ ಇದರ ಬದಲು ಕಾಣಿಸುವ ಸಂಖ್ಯೆಗಳು ಸಾಮಾನ್ಯವಾಗಿ ಮೂರೇ: 2/3, −3/2 ಮತ್ತು 3/2. ಅವುಗಳನ್ನು ಒಂದೊಂದಾಗಿ ನೋಡಿದರೆ ಸ್ವಾರಸ್ಯವಾದ ಒಂದು ಸಂಗತಿ ಹೊರಬೀಳುತ್ತದೆ. ಉತ್ತರ 2/3 ಬಂದಿದ್ದರೆ, ಎರಡನೆಯ ಹೆಜ್ಜೆಯಲ್ಲಿ ತಲೆಕೆಳಗು ಮಾಡಿ ಚಿಹ್ನೆ ಬದಲಿಸಲು ಮರೆತಿರಬಹುದು. ಆದರೆ ಇದೇ ಸಂಖ್ಯೆಗೆ ಇನ್ನೊಂದು ಹುಟ್ಟೂ ಇದೆ. ಮೊದಲ ಹೆಜ್ಜೆಯಲ್ಲಿಯೇ ಅಂಶದಲ್ಲಿ ಬ ಇಂದ ಅ ಕಳೆದು, ಛೇದದಲ್ಲಿ ಅ ಇಂದ ಬ ಕಳೆದರೆ, ಅಂದರೆ (8 − 2)/(1 − 5) ಎಂದು ಬರೆದರೆ, ಇಳಿಜಾರು −3/2 ಎಂದಾಗುತ್ತದೆ. ಆಮೇಲೆ ಎರಡನೆಯ ಹೆಜ್ಜೆಯನ್ನು ಎಷ್ಟೇ ಎಚ್ಚರದಿಂದ ಮಾಡಿದರೂ ಬರುವುದು 2/3 ಮಾತ್ರ.

ಉತ್ತರ −3/2 ಬಂದಿದ್ದರೂ ಹೀಗೆಯೇ. ಚಿಹ್ನೆ ಬದಲಿಸಿ ತಲೆಕೆಳಗು ಮಾಡುವುದನ್ನು ಬಿಟ್ಟಿರಬಹುದು, ಇಲ್ಲವೇ ಮೊದಲ ಹೆಜ್ಜೆಯಲ್ಲಿ ಏರಿನ ಜಾಗದಲ್ಲಿ ಸಾಗನ್ನು ಬರೆದು 4/6, ಅಂದರೆ 2/3 ಎಂದು ತೆಗೆದುಕೊಂಡು, ಮುಂದಿನದೆಲ್ಲವನ್ನೂ ಸರಿಯಾಗಿಯೇ ಮಾಡಿರಬಹುದು. ಇನ್ನು 3/2 ಬಂದಿದ್ದರೆ, ಬಹಳ ಸಲ ಹುಡುಗನು ಎರಡನೆಯ ಹೆಜ್ಜೆಯನ್ನೇ ಮರೆತು ಸಮಾಂತರ ರೇಖೆಯ ಇಳಿಜಾರನ್ನು ಬರೆದಿರುತ್ತಾನೆ. ಅಪರೂಪಕ್ಕೆ ಮೊದಲ ಹೆಜ್ಜೆಯಲ್ಲಿ ತಲೆಕೆಳಗು ಮತ್ತು ಕ್ರಮಭಂಗ ಎರಡೂ ಕೂಡಿ ಬಂದು −2/3 ಆಗಿ, ಅದರಿಂದ ನಿಯಮದ ಪ್ರಕಾರವೇ 3/2 ಹುಟ್ಟಿರುತ್ತದೆ.

ಅಂದರೆ ಒಂದೊಂದು ಲಕ್ಷಣದ ಹಿಂದೆ ಎರಡೆರಡು ರೋಗಗಳಿವೆ. ಅಂತಿಮ ಉತ್ತರವನ್ನಷ್ಟೇ ನೋಡಿ “ನೀನು ಚಿಹ್ನೆ ಮರೆತೆ” ಎಂದು ಹೇಳಿ ಕಳಿಸುವ ಮೇಷ್ಟ್ರು ಅರ್ಧದಷ್ಟು ಸಂದರ್ಭಗಳಲ್ಲಿ ಇಲ್ಲದ ರೋಗಕ್ಕೆ ಮದ್ದು ಕೊಟ್ಟಂತಾಗುತ್ತದೆ. ನಾನೂ ಮೊದಲ ಕೆಲವು ವರ್ಷ ಹಾಗೆಯೇ ಮಾಡಿದ್ದೇನೆ, ಮತ್ತು ಚಿಹ್ನೆ ಸರಿಯಾಗಿ ಬದಲಿಸುತ್ತಿದ್ದ ಹುಡುಗನಿಗೆ ಚಿಹ್ನೆಯ ಬಗ್ಗೆ ಅರ್ಧ ಗಂಟೆ ಉಪದೇಶ ಮಾಡಿದ್ದೇನೆ. ಎರಡು ರೋಗಗಳನ್ನು ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಲಂಬದ ಮಾತು ಬಿಡಿ, ಅ ಮತ್ತು ಬ ಸೇರಿಸುವ ರೇಖೆಯ ಇಳಿಜಾರು ಮಾತ್ರ ಎಷ್ಟು? ನೋಟ್‌ಬುಕ್ಕಿನಲ್ಲಿ 3/2 ಎಂದಿದ್ದರೆ ದೋಷ ಎರಡನೆಯ ಹೆಜ್ಜೆಯಲ್ಲಿದೆ, ಬೇರೆ ಏನೇ ಇದ್ದರೂ ಮೊದಲನೆಯದರಲ್ಲಿದೆ. ಈ ಕಾರಣಕ್ಕಾಗಿಯೇ ನಡುವಿನ ಇಳಿಜಾರನ್ನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ ನೇರವಾಗಿ ಉತ್ತರ ಬರೆಯುವ ಜಾಣತನವನ್ನು ನಾನು ಒಪ್ಪುವುದಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ತಪಾಸಣೆಗೆ ಹಿಡಿಯಲು ದಾರದ ತುದಿಯೇ ಸಿಗುವುದಿಲ್ಲ.

ಇದಕ್ಕಿಂತ ಕೆಟ್ಟ ಸ್ಥಿತಿಯೊಂದಿದೆ. ಒಬ್ಬ ಹುಡುಗನ ಮೂರು ಲೆಕ್ಕಗಳಲ್ಲಿ ಮೊದಲನೆಯದು ಸರಿ, ಉಳಿದೆರಡು ತಪ್ಪು. ಸರಿಯಾಗಿದ್ದ ಲೆಕ್ಕವನ್ನು ತೆರೆದು ನೋಡಿದೆ: ಕಳೆಯುವ ಕ್ರಮ ತಪ್ಪಿಸಿ −3/2 ಮಾಡಿಕೊಂಡಿದ್ದ, ಆಮೇಲೆ ಚಿಹ್ನೆ ಬದಲಿಸಲು ಮರೆತು ತಲೆಕೆಳಗು ಮಾತ್ರ ಮಾಡಿ −2/3 ಬರೆದಿದ್ದ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದ್ದವು. ಮೊದಲ ಹೆಜ್ಜೆಯಲ್ಲಿ ಏರು-ಸಾಗು ಅದಲುಬದಲಾಗಿ, ಎರಡನೆಯದರಲ್ಲಿ ತಲೆಕೆಳಗು ಮಾಡುವುದು ಬಿಟ್ಟುಹೋದರೂ ಇದೇ ಅದೃಷ್ಟ ಒದಗುತ್ತದೆ. ಆದ್ದರಿಂದ ಒಂದು ಲೆಕ್ಕ ಸರಿ, ಇನ್ನೊಂದು ತಪ್ಪು ಎಂದು ಏರುಪೇರಾಗಿ ಬರುತ್ತಿದ್ದರೆ ಸರಿಬಂದ ಲೆಕ್ಕಗಳನ್ನೂ ತಪಾಸಣೆಗೆ ಒಳಪಡಿಸಬೇಕು.

ಪೆನ್ನು ಮುಟ್ಟುವ ಮೊದಲೇ ಮಾಡಬಹುದಾದ ಒಂದು ಅಂದಾಜೂ ಇದೆ. ಅ ಇಂದ ಬ ಕಡೆಗೆ ಹೋಗುವಾಗ ಬಲಕ್ಕೂ ಮೇಲಕ್ಕೂ ಹೋಗುತ್ತೇವೆ, ಆದ್ದರಿಂದ ಇಳಿಜಾರು ಧನ ಸಂಖ್ಯೆಯೇ ಆಗಬೇಕು. ಸಾಗು 4, ಏರು 6, ಅಂದರೆ ಅದು 1ಕ್ಕಿಂತ ದೊಡ್ಡದಾಗಿರಬೇಕು. ಕೊಟ್ಟ ರೇಖೆ ಕಡಿದಾಗಿ ಏರುವುದರಿಂದ ಅದರ ಲಂಬ ರೇಖೆ ನಿಧಾನವಾಗಿ ಇಳಿಯಬೇಕು. ಅದರ ಇಳಿಜಾರು ಋಣವಾಗಿದ್ದು, ಚಿಹ್ನೆ ಬಿಟ್ಟು ನೋಡಿದರೆ 1ಕ್ಕಿಂತ ಚಿಕ್ಕದಾಗಿರಬೇಕು. ಮೇಲಿನ ಮೂರು ತಪ್ಪು ಉತ್ತರಗಳಲ್ಲಿ ಒಂದೂ ಈ ಎರಡು ಷರತ್ತುಗಳನ್ನು ಒಟ್ಟಿಗೆ ಪೂರೈಸುವುದಿಲ್ಲ.

“ಗುಣಿಸಿ ನೋಡೀನ್ರಿ, −1 ಬಂದೈತಿ”

ತಪ್ಪು ಉತ್ತರ ತಂದ ಹುಡುಗರಲ್ಲಿ ಜಾಗರೂಕರಾದವರು ಹೀಗೆ ಹೇಳುತ್ತಾರೆ, ಮತ್ತು ಅವರು ನಿಜಕ್ಕೂ ಗುಣಿಸಿ ನೋಡಿರುತ್ತಾರೆ. ಇಲ್ಲಿ ದೋಷ ಪರೀಕ್ಷೆಯಲ್ಲಿಯೇ ಇದೆ. ತಾನು ಬರೆದ ಮೊದಲ ಇಳಿಜಾರನ್ನು ತಾನೇ ಅದರಿಂದ ಹುಟ್ಟಿಸಿದ ಎರಡನೆಯ ಇಳಿಜಾರಿನಿಂದ ಗುಣಿಸಿದರೆ, ಮೊದಲನೆಯದು ಏನೇ ಆಗಿದ್ದರೂ −1 ಬಂದೇ ಬರುತ್ತದೆ. 2/3 ಎಂದು ತಪ್ಪಾಗಿ ಶುರುಮಾಡಿ −3/2 ಎಂದು ಮುಗಿಸಿದವನಿಗೂ ಗುಣಲಬ್ಧ −1. ತಕ್ಕಡಿಯ ತಪ್ಪನ್ನು ಅದೇ ತಕ್ಕಡಿಯಲ್ಲಿ ತೂಗಿ ಕಂಡುಹಿಡಿಯಲು ಹೊರಟಂತೆ ಇದು. ಗುಣಲಬ್ಧದ ಪರೀಕ್ಷೆಯು ಎರಡನೆಯ ಹೆಜ್ಜೆಗೆ ಮಾತ್ರ ಸಾಕ್ಷಿ ಹೇಳುತ್ತದೆ, ಮೊದಲ ಹೆಜ್ಜೆಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ನಾಲ್ಕು ಬಿಂದುಗಳನ್ನು ಕೊಟ್ಟು ಎರಡು ರೇಖೆಗಳು ಲಂಬವೆಂದು ಸಾಧಿಸಿ ಎಂದು ಕೇಳುವ ಲೆಕ್ಕಗಳಲ್ಲಿ ಈ ಕುರುಡುತನ ಇನ್ನೂ ಹೆಚ್ಚು. ಎರಡೂ ರೇಖೆಗಳಲ್ಲಿ ಏರು-ಸಾಗು ಅದಲುಬದಲು ಮಾಡಿದರೆ ಎರಡೂ ಇಳಿಜಾರುಗಳು ತಲೆಕೆಳಗಾಗುತ್ತವೆ, ಮತ್ತು −1ರ ವ್ಯುತ್ಕ್ರಮವು −1 ಆಗಿರುವುದರಿಂದ ಗುಣಲಬ್ಧ ಬದಲಾಗುವುದಿಲ್ಲ. ಎರಡರಲ್ಲೂ ಕಳೆಯುವ ಕ್ರಮ ತಪ್ಪಿದರೆ ಎರಡು ಋಣ ಚಿಹ್ನೆಗಳು ಸೇರಿ ಮಾಯವಾಗುತ್ತವೆ. ಸಾಧನೆ ಮುಗಿದಂತೆ ಕಾಣುತ್ತದೆ, ಒಳಗಿನ ಸಾಲುಗಳೆಲ್ಲ ತಪ್ಪಾಗಿರುತ್ತವೆ. ಮುಂದಿನ ಪ್ರಶ್ನೆಯಲ್ಲಿ ರೇಖೆಯ ಸಮೀಕರಣ ಕೇಳಿದಾಗ ಮಾತ್ರ ಇದು ಬಯಲಾಗುತ್ತದೆ.

ಹೀಗಾಗಿ ಇಳಿಜಾರನ್ನೇ ಬಳಸದ ಒಂದು ಪರೀಕ್ಷೆ ಬೇಕು, ಮತ್ತು ಅದು ಹತ್ತನೆಯ ತರಗತಿಯಲ್ಲಿಯೇ ಎಲ್ಲರ ಕೈಗೆ ಬಂದಿರುತ್ತದೆ. ಗೌಂಡಿಗಳು ಮನೆಯ ಪಾಯ ಹಾಕುವಾಗ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವಿನ ದೂರ 5 ಅಡಿ ಬಂದರೆ ಮೂಲೆ ಸರಿಯಾಗಿದೆ ಎನ್ನುತ್ತಾರಲ್ಲ, ಅದೇ ಪರೀಕ್ಷೆ. ಅ ಬಿಂದುವಿನಿಂದ ನಿಮ್ಮ ಉತ್ತರದ ಇಳಿಜಾರಿನಲ್ಲಿ ಒಂದು ಹೆಜ್ಜೆ ಇಡಿ. ಇಳಿಜಾರು −2/3 ಆದರೆ ಬಲಕ್ಕೆ 3 ಹೋಗಿ 2 ಇಳಿಯಬೇಕು. ಸಿಗುವ ಬಿಂದು ಸ(4, 0). ಈಗ ದೂರಗಳ ವರ್ಗಗಳನ್ನು ನೋಡಿ. ಅ-ಬ ದೂರದ ವರ್ಗ 16 + 36 = 52, ಅ-ಸ ದೂರದ ವರ್ಗ 9 + 4 = 13, ಬ-ಸ ದೂರದ ವರ್ಗ 1 + 64 = 65. ಮೊದಲೆರಡರ ಮೊತ್ತ ಮೂರನೆಯದಕ್ಕೆ ಸಮ, ಮೂಲೆ ಲಂಬಕೋನ.

ತಪ್ಪು ಉತ್ತರಕ್ಕೆ ಇದನ್ನು ಹಚ್ಚಿದರೆ ದೋಷ ಕೂಡಲೇ ಸಿಕ್ಕಿಬೀಳುತ್ತದೆ. −3/2 ಎಂದವನು ಬಲಕ್ಕೆ 2 ಹೋಗಿ 3 ಇಳಿದು (3, −1) ತಲುಪುತ್ತಾನೆ. ಅಲ್ಲಿಂದ ಬ ಬಿಂದುವಿಗೆ ದೂರದ ವರ್ಗ 4 + 81 = 85, ಬೇಕಾದದ್ದು 65; ಕೋನ ಲಂಬಕೋನಕ್ಕಿಂತ ಅಗಲವಾಗಿ ಬಾಯಿಬಿಟ್ಟಿದೆ. 2/3 ಎಂದವನು (4, 4) ತಲುಪುತ್ತಾನೆ, ದೂರದ ವರ್ಗ 1 + 16 = 17, ಅಂದರೆ ಕೋನ ತೀರ ಕಿರಿದು. ಗುಣಲಬ್ಧದ ಪರೀಕ್ಷೆಗಿಂತ ಇದು ಎರಡು ಸಾಲು ಉದ್ದ, ಆದರೆ ಮೂಲ ಬಿಂದುಗಳಿಂದಲೇ ಶುರುವಾಗುವುದರಿಂದ ನಮ್ಮ ತಪ್ಪುಗಳನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ.

ಎರಡನೆಯ ಹೆಜ್ಜೆ ಪದೇ ಪದೇ ಅರ್ಧಕ್ಕೆ ನಿಲ್ಲುವುದು ಏಕೆ

ತಲೆಕೆಳಗು ಮಾಡಿ ಚಿಹ್ನೆ ಮರೆಯುವವರು, ಚಿಹ್ನೆ ಬದಲಿಸಿ ತಲೆಕೆಳಗು ಮರೆಯುವವರು, ಇಬ್ಬರ ತೊಂದರೆಯ ಬೇರು ಒಂದೇ: ಈ ನಿಯಮವನ್ನು ಅವರು ಎರಡು ಪ್ರತ್ಯೇಕ ಕೆಲಸಗಳೆಂದು ಕಲಿತಿದ್ದಾರೆ. ಎರಡು ಕೆಲಸಗಳಲ್ಲಿ ಒಂದು ಮರೆತುಹೋಗುವುದು ಸಹಜ. ಆದರೆ ನಿಜವಾಗಿ ಅಲ್ಲಿ ನಡೆಯುವುದು ಒಂದೇ ಕ್ರಿಯೆ. ಒಂದು ಗ್ರಾಫ್ ಹಾಳೆಯ ಮೇಲೆ ಸಾಗು 4, ಏರು 6 ಇರುವ ಲಂಬಕೋನ ತ್ರಿಭುಜವನ್ನು ಬರೆದು, ಕತ್ತರಿಸಿ ತೆಗೆದು, ಮೂಲಬಿಂದುವಿನಲ್ಲಿ ಗುಂಡುಸೂಜಿ ಚುಚ್ಚಿ ಎಡಕ್ಕೆ ಕಾಲು ಸುತ್ತು ತಿರುಗಿಸಿ. ಮಲಗಿದ್ದ 4 ಎದ್ದು ನಿಲ್ಲುತ್ತದೆ, ನಿಂತಿದ್ದ 6 ಎಡಕ್ಕೆ ಮಲಗುತ್ತದೆ. ಈಗ ಏರು 4, ಸಾಗು −6, ಇಳಿಜಾರು 4/(−6) = −2/3. ಅಂಶ-ಛೇದಗಳು ಜಾಗ ಬದಲಿಸಿದ್ದೂ ಚಿಹ್ನೆ ಬದಲಾದದ್ದೂ ಆ ಒಂದೇ ತಿರುವಿನಿಂದ. ಬಲಕ್ಕೆ ತಿರುಗಿಸಿದರೆ ಏರು −4, ಸಾಗು 6 ಆಗುತ್ತದೆ, ಇಳಿಜಾರು ಅದೇ. ಒಮ್ಮೆ ಕೈಯಾರೆ ತಿರುಗಿಸಿ ನೋಡಿದವರು ಮತ್ತೆ ಅರ್ಧಕ್ಕೆ ನಿಲ್ಲುವುದನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಎರಡು ರೇಖೆಗಳ ನಡುವಿನ ಕೋನದ ಸೂತ್ರದಲ್ಲಿ ಛೇದವು ಸೊನ್ನೆಯಾಗಬೇಕೆಂದು ಹೇಳಿ ಇದೇ ಫಲಿತಾಂಶ ತೆಗೆಯುವ ಪುಸ್ತಕದ ಸಾಧನೆ ಸರಿಯಾದದ್ದೇ, ಪರೀಕ್ಷೆಯಲ್ಲಿ ಅದನ್ನೇ ಬರೆಯಬೇಕು. ಆದರೆ ಕೈಗೆ ನೆನಪಿರುವುದು ಕಾಗದದ ತುಂಡು.

ಚಿಹ್ನೆಯ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಚಿಹ್ನೆ ಬದಲಿಸು’ ಎಂಬುದನ್ನು ಕೆಲವರು ‘ಋಣ ಚಿಹ್ನೆ ಹಚ್ಚು’ ಎಂದು ತಿಳಿದಿರುತ್ತಾರೆ. ಕೊಟ್ಟ ಇಳಿಜಾರು ಧನವಾಗಿರುವ ತನಕ ಎರಡಕ್ಕೂ ವ್ಯತ್ಯಾಸವಿಲ್ಲದ ಕಾರಣ ದೋಷ ಅಡಗಿರುತ್ತದೆ. ಇಳಿಜಾರು −3/5 ಎಂದು ಕೊಟ್ಟ ದಿನ ಅವರು −5/3 ಎಂದು ಬರೆಯುತ್ತಾರೆ. ಸರಿಯಾದದ್ದು 5/3. ಧನ ಇಳಿಜಾರುಗಳಲ್ಲಿ ಎಂದೂ ತಪ್ಪದೆ, ಋಣ ಇಳಿಜಾರುಗಳಲ್ಲಿ ಮಾತ್ರ ತಪ್ಪುವ ಹುಡುಗನಿಗೆ ಬೇರೆ ಯಾವ ತಪಾಸಣೆಯೂ ಬೇಕಿಲ್ಲ.

ಪೂರ್ಣಾಂಕ, ದಶಮಾಂಶಗಳ ದೋಷ ಸಣ್ಣದು. 4 ಎಂಬುದು 4/1 ಎಂಬುದನ್ನು ಮರೆತವರು ಏನನ್ನು ತಲೆಕೆಳಗು ಮಾಡಬೇಕೆಂದು ತಿಳಿಯದೆ −4 ಬರೆದು ನಿಲ್ಲಿಸುತ್ತಾರೆ, ಬೇಕಾದದ್ದು −1/4. ಇಳಿಜಾರು 0.4 ಎಂದಿದ್ದರೆ ಮೊದಲು 2/5 ಮಾಡಿಕೊಂಡು −5/2, ಅಂದರೆ −2.5 ಎಂದು ಬರೆಯಬೇಕು. ಋಣ ನಿರ್ದೇಶಾಂಕಗಳಿರುವ ಬಿಂದುಗಳಲ್ಲಿ, ಉದಾಹರಣೆಗೆ (−3, 4) ಮತ್ತು (2, −6), ಛೇದವನ್ನು 2 − (−3) = 5 ಎಂದು ಆವರಣ ಹಾಕಿ ಬರೆಯದೆ 2 − 3 = −1 ಎಂದು ಬರೆದರೆ ಇಳಿಜಾರು −2 ಆಗುವ ಬದಲು 10 ಆಗುತ್ತದೆ. ಉತ್ತರವು ಮೇಲೆ ಹೇಳಿದ ಮೂರು ತಪ್ಪು ರೂಪಗಳಿಗೆ ಸೇರದೆ, ಎಲ್ಲಿಂದಲೋ ಬಂದ −1/10ರಂಥ ಅಪರಿಚಿತ ಸಂಖ್ಯೆಯಾಗಿದ್ದರೆ ಮೊದಲು ಆವರಣಗಳನ್ನು ನೋಡಿ.

‘ಲಂಬ’ ಮತ್ತು ‘ಇಳಿಜಾರು’ ಎಂಬ ಪದಗಳೇ ತಂದಿಡುವ ತೊಡಕು

ಗದಗ ಕಡೆಯ ಹಳ್ಳಿಯ ಹುಡುಗನೊಬ್ಬ ಒಮ್ಮೆ, “ಏರಾಕತ್ತಿದ್ದಕ್ಕ ಇಳಿಜಾರ ಅಂತ ಯಾಕಂತಾರ್ರೀ ಸರ?” ಎಂದು ಕೇಳಿದ. ಪ್ರಶ್ನೆ ತಮಾಷೆಯದಲ್ಲ. ಎರೆ ಹೊಲದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ನೋಡಿ ಒಡ್ಡು ಹಾಕುವ ಮನೆಯಿಂದ ಬಂದವನಿಗೆ ಇಳಿಜಾರು ಎಂದರೆ ಇಳಿಯುವುದೇ. ಅವನು ಎಲ್ಲ ರೇಖೆಗಳನ್ನೂ ಮೇಲಿನ ತುದಿಯಿಂದ ಕೆಳಕ್ಕೆ ಓದುತ್ತಿದ್ದ, ಹೀಗಾಗಿ ಅವನ ಮೊದಲ ಹೆಜ್ಜೆಯ ಉತ್ತರಗಳೆಲ್ಲ ಋಣವಾಗಿದ್ದವು. ಎಡದಿಂದ ಬಲಕ್ಕೆ ಮಾತ್ರ ಓದಬೇಕು, ಹಾಗೆ ಓದುವಾಗ ಏರಿದರೆ ಧನ, ಇಳಿದರೆ ಋಣ ಎಂದು ಹೇಳಿದ ಮೇಲೆ ಅವನ ಕಾಯಿಲೆ ಒಂದೇ ಸಂಜೆಯಲ್ಲಿ ವಾಸಿಯಾಯಿತು. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕುವುದೂ ಲಂಬದ ವಿಚಾರವೇ ಎಂದು ಅವನೇ ಆಮೇಲೆ ಗುರುತಿಸಿದ: ಹೊಲದ ನಕ್ಷೆಯ ಮೇಲೆ ನೀರು ಹರಿಯುವ ದಿಕ್ಕು ಒಂದು ರೇಖೆ, ಒಡ್ಡು ಅದಕ್ಕೆ ಲಂಬವಾದ ಇನ್ನೊಂದು ರೇಖೆ. ಆದರೆ ನೆಲ ಎಷ್ಟು ತಗ್ಗಿದೆ ಎಂಬ ಇಳಿಜಾರೇ ಬೇರೆ, ನಕ್ಷೆಯ ಮೇಲಿನ ರೇಖೆಯ ಇಳಿಜಾರೇ ಬೇರೆ.

‘ಲಂಬ’ ಇನ್ನೂ ಹೆಚ್ಚು ಕಾಡುವ ಪದ. ಆಡುಮಾತಿನಲ್ಲಿ ಲಂಬವಾಗಿ ನಿಂತಿದೆ ಎಂದರೆ ಕಂಬದಂತೆ ನೆಟ್ಟಗೆ ನಿಂತಿದೆ ಎಂದರ್ಥ. ಅದನ್ನೇ ಹಿಡಿದುಕೊಂಡ ಹುಡುಗರು, ರೇಖೆ ಯಾವುದೇ ಓರೆಯಲ್ಲಿದ್ದರೂ ಅದರ ಲಂಬ ರೇಖೆಯನ್ನು ಹಾಳೆಯ ಮೇಲೆ ನೆಟ್ಟಗೆ ಎಳೆಯುತ್ತಾರೆ, ಅದರ ಇಳಿಜಾರು ಇಲ್ಲವೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಲಂಬ ಎಂಬುದು ಒಂದು ರೇಖೆಯ ಗುಣವಲ್ಲ, ಎರಡು ರೇಖೆಗಳ ನಡುವಿನ ಸಂಬಂಧ. ಅಣ್ಣ ಎಂದರೆ ಯಾರ ಅಣ್ಣ ಎಂದು ಕೇಳುವ ಹಾಗೆ, ಲಂಬ ಎಂದಾಗ ಯಾವುದಕ್ಕೆ ಲಂಬ ಎಂದು ಕೇಳಿಕೊಳ್ಳಬೇಕು. ಕಂಬದಂತೆ ನಿಂತ ರೇಖೆಗೆ ನಾನು ‘ನೆಟ್ಟನೆಯ ರೇಖೆ’ ಎಂಬ ಬೇರೆ ಹೆಸರನ್ನೇ ಬಳಸುತ್ತೇನೆ.

ಆ ನೆಟ್ಟನೆಯ ರೇಖೆಗೆ ಅದರದ್ದೇ ಆದ ದೋಷವಿದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. ಅದು ಪೂರ್ತಿ ಸಮತಟ್ಟಾಗಿದೆ ಎಂದು ಭಾವಿಸಿದರೆ, ಸಾಗು 1,507, ಏರು 0, ಇಳಿಜಾರು 0/1507 = 0. ಅದರ ಮೇಲಿನ 6 ಮೀಟರ್ ಎತ್ತರದ ಒಂದು ದೀಪದ ಕಂಬಕ್ಕೆ ಏರು 6, ಸಾಗು 0. 6/0 ಎಂಬುದಕ್ಕೆ ಬೆಲೆಯೇ ಇಲ್ಲ. ಸೊನ್ನೆ ಎಲ್ಲಿ ಕಂಡರೂ ಉತ್ತರ ಸೊನ್ನೆ ಎಂದು ಬರೆಯುವ ರೂಢಿಯವರು ಎರಡಕ್ಕೂ 0 ಬರೆದು, ಎರಡು ಇಳಿಜಾರುಗಳೂ ಸಮವಾಗಿರುವುದರಿಂದ ಕಂಬವೂ ಪ್ಲಾಟ್‌ಫಾರ್ಮೂ ಸಮಾಂತರ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇನ್ನು ಕೆಲವರು ಗುಣಲಬ್ಧ −1 ಬರಲಿಲ್ಲವಾದ್ದರಿಂದ ಇವು ಲಂಬವಲ್ಲ ಎನ್ನುತ್ತಾರೆ. ಆ ನಿಯಮವು ಎರಡೂ ರೇಖೆಗಳಿಗೆ ಇಳಿಜಾರು ಇದ್ದಾಗ ಮಾತ್ರ ಅನ್ವಯಿಸುತ್ತದೆ ಎಂಬ ಷರತ್ತನ್ನು ಓದದೆ ಬಿಟ್ಟದ್ದೇ ಇಲ್ಲಿಯ ದೋಷ. (4, 1) ಮತ್ತು (4, 7) ಎಂಬ ಬಿಂದುಗಳ ಹಾಗೆ ಕ್ಷ ಬೆಲೆಗಳು ಒಂದೇ ಆಗಿದ್ದರೆ ಸೂತ್ರ ಹಾಕಲು ಹೋಗಲೇಬಾರದು: ಕೊಟ್ಟ ರೇಖೆ ಕ್ಷ = 4, ಅದರ ಲಂಬ ರೇಖೆ ಯ = ಒಂದು ಸ್ಥಿರ ಸಂಖ್ಯೆ, ಇಳಿಜಾರು 0.

ರೇಖೆಯನ್ನು ಸಮೀಕರಣವಾಗಿ ಕೊಟ್ಟಾಗ

3ಕ್ಷ + 4ಯ = 12 ಎಂಬ ರೇಖೆಗೆ ಲಂಬವಾದ ರೇಖೆಯ ಇಳಿಜಾರು 4/3. ಇಲ್ಲಿ ತಪ್ಪು ಉತ್ತರಗಳನ್ನು ಓದುವುದು ಇನ್ನೂ ಸುಲಭ. −1/3 ಬಂದಿದ್ದರೆ, ಯ ಒಂದನ್ನೇ ಎಡಗಡೆ ಉಳಿಸಿಕೊಳ್ಳುವ ಮೊದಲೇ ಕ್ಷದ ಗುಣಕ 3 ಅನ್ನು ಇಳಿಜಾರೆಂದು ಎತ್ತಿಕೊಂಡಿದ್ದಾನೆ. −4/3 ಬಂದಿದ್ದರೆ, 3ಕ್ಷವನ್ನು ಬಲಗಡೆಗೆ ಒಯ್ಯುವಾಗ ಚಿಹ್ನೆ ಬದಲಿಸದೆ ಇಳಿಜಾರು 3/4 ಎಂದುಕೊಂಡಿದ್ದಾನೆ. 3/4 ಬಂದಿದ್ದರೆ, 3ರಿಂದ 4ನ್ನು ಭಾಗಿಸಿ ಇಳಿಜಾರನ್ನು −4/3 ಮಾಡಿಕೊಂಡಿದ್ದಾನೆ. ಅನುಮಾನವಿದ್ದರೆ ರೇಖೆಯ ಮೇಲಿನ ಎರಡು ಬಿಂದುಗಳನ್ನು ಹುಡುಕಿಕೊಳ್ಳಿ: ಯ = 0 ಇಟ್ಟರೆ (4, 0), ಕ್ಷ = 0 ಇಟ್ಟರೆ (0, 3), ಇಳಿಜಾರು (3 − 0)/(0 − 4) = −3/4.

ಇಂಥ ಲೆಕ್ಕಗಳಲ್ಲಿ ಇಳಿಜಾರಿನ ಗೊಡವೆಯೇ ಇಲ್ಲದ ಪರೀಕ್ಷೆಯೊಂದಿದ್ದು, ನನಗೆ ಅದರ ಮೇಲೆ ಗುಣಲಬ್ಧದ ನಿಯಮಕ್ಕಿಂತ ಹೆಚ್ಚು ನಂಬಿಕೆ. ಎರಡು ಸಮೀಕರಣಗಳಲ್ಲಿನ ಕ್ಷ ಗುಣಕಗಳನ್ನು ತಮ್ಮತಮ್ಮಲ್ಲಿ, ಯ ಗುಣಕಗಳನ್ನು ತಮ್ಮತಮ್ಮಲ್ಲಿ ಗುಣಿಸಿ ಕೂಡಿಸಿದಾಗ ಸೊನ್ನೆ ಬಂದರೆ ರೇಖೆಗಳು ಲಂಬ. 3ಕ್ಷ + 4ಯ = 12 ಮತ್ತು 4ಕ್ಷ − 3ಯ = 7 ಎಂಬವುಗಳಿಗೆ 3 × 4 + 4 × (−3) = 0. ಇದರ ದೊಡ್ಡ ಗುಣವೆಂದರೆ ನೆಟ್ಟನೆಯ ರೇಖೆ ಬಂದಾಗಲೂ ಇದು ಕೈಕೊಡುವುದಿಲ್ಲ. ಕ್ಷ = 5 ಮತ್ತು ಯ = 2 ಎಂಬ ರೇಖೆಗಳಲ್ಲಿ ಗುಣಕಗಳು 1, 0 ಮತ್ತು 0, 1; ಮೊತ್ತ 1 × 0 + 0 × 1 = 0. ಯಾವ ಭಾಗಾಕಾರವೂ ಇಲ್ಲವಾದ್ದರಿಂದ ಸೊನ್ನೆಯಿಂದ ಭಾಗಿಸುವ ಅಪಾಯವೂ ಇಲ್ಲ.

ಇಳಿಜಾರು ಸರಿಯಾಗಿದ್ದೂ ಸಮೀಕರಣ ತಪ್ಪುವುದುಂಟು. ಆಗ ದೋಷ ಬಿಂದುವಿನದ್ದು. ಅ(1, 2), ಬ(5, 8) ಸೇರಿಸುವ ರೇಖಾಖಂಡದ ಲಂಬಾರ್ಧಕ ಕೇಳಿದಾಗ, ಮಧ್ಯಬಿಂದು (3, 5) ಬಿಟ್ಟು ಅ ಬಿಂದುವನ್ನೇ ಹಾಕಿದರೆ 2ಕ್ಷ + 3ಯ = 8 ಬರುತ್ತದೆ, ಬರಬೇಕಾದದ್ದು 2ಕ್ಷ + 3ಯ = 21. ಎಡಗಡೆ ಸರಿಯಾಗಿದ್ದು ಬಲಗಡೆಯ ಸಂಖ್ಯೆ ಮಾತ್ರ ಬೇರೆಯಾಗಿದ್ದರೆ ಇಳಿಜಾರನ್ನು ಮುಟ್ಟಬೇಡಿ. ಲಂಬಾರ್ಧಕದ ಮೇಲಿನ ಯಾವ ಬಿಂದುವಾದರೂ ಎರಡೂ ತುದಿಗಳಿಂದ ಸಮದೂರದಲ್ಲಿರಬೇಕು: (0, 7)ರಿಂದ ಅ ಮತ್ತು ಬ ಎರಡಕ್ಕೂ ದೂರದ ವರ್ಗ 26.

ಲೆಕ್ಕ ಸರಿ, ಚಿತ್ರ ಮಾತ್ರ ಲಂಬವಾಗಿ ಕಾಣುವುದಿಲ್ಲ

ಕೊನೆಯದಾಗಿ, ಲೆಕ್ಕದಲ್ಲಿ ಯಾವ ದೋಷವೂ ಇಲ್ಲದ ದೂರು. ಹುಡುಗನು ಇಳಿಜಾರು 2 ಮತ್ತು −1/2 ಇರುವ ಎರಡು ರೇಖೆಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆದು ಕೋನಮಾಪಕ ಇಟ್ಟು ನೋಡಿದ್ದಾನೆ, ಸುಮಾರು 59 ಡಿಗ್ರಿ ಬಂದಿದೆ. ನಿಯಮದ ಮೇಲಿನ ನಂಬಿಕೆಯೇ ಅಲುಗಾಡುವ ಕ್ಷಣವದು. ಅವನ ಹಾಳೆಯ ಮೇಲಿನ ಮೂಲೆಯಲ್ಲಿ ಬರೆದ ಪ್ರಮಾಣವನ್ನು ಓದಿದರೆ ಕಾರಣ ತಿಳಿಯುತ್ತದೆ: ಕ್ಷ ಅಕ್ಷದಲ್ಲಿ 1 ಸೆಂ.ಮೀ.ಗೆ 1 ಮಾನ, ಯ ಅಕ್ಷದಲ್ಲಿ 1 ಸೆಂ.ಮೀ.ಗೆ 2 ಮಾನ. ಯ ದಿಕ್ಕಿನಲ್ಲಿ ಚಿತ್ರ ಅರ್ಧಕ್ಕೆ ಕುಗ್ಗಿರುವುದರಿಂದ ಕಾಗದದ ಮೇಲಿನ ಇಳಿಜಾರುಗಳು 1 ಮತ್ತು −1/4 ಆಗಿವೆ. ಗುಣಲಬ್ಧ −1/4, ಕೋನ 45 ಡಿಗ್ರಿ ಮತ್ತು ಸುಮಾರು 14 ಡಿಗ್ರಿಗಳ ಮೊತ್ತ. ಕೋನಮಾಪಕ ಸುಳ್ಳು ಹೇಳಿಲ್ಲ, ನಿಯಮವೂ ಸುಳ್ಳಾಗಿಲ್ಲ. ಎರಡು ಅಕ್ಷಗಳ ಪ್ರಮಾಣ ಬೇರೆಯಾಗಿದ್ದರೆ ಸಮಾಂತರ ರೇಖೆಗಳು ಸಮಾಂತರವಾಗಿಯೇ ಉಳಿಯುತ್ತವೆ, ಆದರೆ ಅಕ್ಷಗಳಿಗೆ ಓರೆಯಾಗಿರುವ ಲಂಬ ರೇಖೆಗಳ ಲಂಬಕೋನ ಉಳಿಯುವುದಿಲ್ಲ. ಆದ್ದರಿಂದ ಲಂಬದ ಲೆಕ್ಕವನ್ನು ಚಿತ್ರದಿಂದ ಪರೀಕ್ಷಿಸುವುದಿದ್ದರೆ ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಇಡಬೇಕು, ಹಾಳೆ ಸಾಲದಿದ್ದರೆ ಎರಡನ್ನೂ ಒಟ್ಟಿಗೆ ಕುಗ್ಗಿಸಬೇಕು.

ಮೊಬೈಲಿನಲ್ಲಿ ಜಿಯೋಜೀಬ್ರಾ ತೆರೆದು ರೇಖೆಗಳನ್ನು ಎಳೆಯುವವರಿಗೂ ಇದೇ ಅನುಭವವಾಗುತ್ತದೆ. ಬೆರಳಿನಿಂದ ಒಂದು ಅಕ್ಷವನ್ನು ಮಾತ್ರ ಹಿಗ್ಗಿಸಿಬಿಟ್ಟಿದ್ದರೆ ಪರದೆಯ ಮೇಲಿನ ಲಂಬ ರೇಖೆಗಳು ಕತ್ತರಿಯ ಹಾಗೆ ಬಾಗಿ ಕಾಣುತ್ತವೆ. ಅಂಥ ಹೊತ್ತಿನಲ್ಲಿ ಸಮೀಕರಣಗಳನ್ನು ತಿದ್ದಲು ಹೋಗದೆ, ಸೆಟ್ಟಿಂಗಿನಲ್ಲಿ ಎರಡು ಅಕ್ಷಗಳ ಅನುಪಾತವನ್ನು 1 : 1 ಎಂದು ಇಟ್ಟು ನೋಡಿ, ಮೂಲೆಮಟ್ಟವನ್ನು ಪರದೆಗೆ ತಾಗಿಸಿದರೆ ಅವೇ ರೇಖೆಗಳು ಅದರ ಎರಡು ಅಂಚುಗಳಿಗೆ ಸರಿಯಾಗಿ ಕೂಡುತ್ತವೆ.